ಇನ್ನೊಂದು ಬೋರ್ ಯಾಕೆ ಕೊರೆಸಿದೆ ಅಂದರೆ

"ನೀರಿಲ್ಲ ಅಂತ ಗೊತ್ತಿದ್ದೂ ಇನ್ನೊಂದು ಬೋರ್ ಯಾಕೆ ಕೊರೆಸಿದೆ?" ಕೋಲಾರದ ಕಡೆಯವನು ಅಂದ ಕೂಡಲೇ ಈ ಪ್ರಶ್ನೆ ಬರುತ್ತದೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಸಿಟ್ಟು ಬರುವುದು "ಓದಿದವನಾಗಿ" ಅಂತ ಸೇರಿಸುವ ಮಾತಿಗೆ. ಹೋದ ವರ್ಷ ಮದುವೆ ಊಟದಲ್ಲಿ ದೊಡ್ಡವರೊಬ್ಬರು, "ಓದಿದವನಾಗಿ ನೀನೇ ಹೀಗೆ ಮಾಡಿದರೆ ಹೇಗಪ್ಪಾ?" ಎಂದರು. ಎಲೆಯ ಮುಂದೆ ಜಗಳ ಬೇಡ ಅಂತ ಸುಮ್ಮನಾದೆ. ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ.

ಲೆಕ್ಕ ನೀವೇ ನೋಡಿ. ನನ್ನ ಬೋರ್ 900 ಅಡಿ. ಪಕ್ಕದ ತೋಟದ ಅಣ್ಣ 1,300 ಅಡಿ ಇಳಿಸಿದ. ನಾಲ್ಕು ತಿಂಗಳಲ್ಲಿ ನನ್ನದು ಬತ್ತಿತು. ನಾನು ಕೊರೆಸದಿದ್ದರೆ ನೀರು ಉಳಿಯುತ್ತದಾ? ಇಲ್ಲ, ಅವನ ಟೊಮೆಟೊಗೆ ಹೋಗುತ್ತದೆ. ಕೊರೆಸಿದರೆ ನನಗೂ ಒಂದೆರಡು ಬೆಳೆ ಸಿಗುತ್ತದೆ, ಆಮೇಲೆ ಇಬ್ಬರದೂ ಬತ್ತುತ್ತದೆ. ಅವನೂ ನನ್ನನ್ನು ನೋಡಿ ಇದೇ ಲೆಕ್ಕ ಹಾಕಿದ್ದ. ಅವನೇನು ಕೆಟ್ಟವನಲ್ಲ. ನನ್ನ ಪೈರು ಒಣಗುವಾಗ ಹದಿನೈದು ದಿನ ಪೈಪ್ ಎಳೆದು ನೀರು ಬಿಟ್ಟವನು ಅವನೇ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಬಿಲ್ ಇಲ್ಲ. ಕರೆಂಟ್ ಇದ್ದಷ್ಟು ಹೊತ್ತೂ ಎಲ್ಲರ ಮೋಟಾರೂ ಓಡುತ್ತದೆ. ನನ್ನದೊಂದೇ ನಿಂತರೆ ನಷ್ಟ ನನಗೆ ಮಾತ್ರ.

"ನೀವೆಲ್ಲ ಒಟ್ಟಿಗೆ ನಿಲ್ಲಿಸೋಕೆ ಏನು ಬೇಕು?" ಅಂತ ಯಾರಾದರೂ ಕೇಳಲಿ, ಇಡೀ ದಿನ ಕೂತು ಮಾತಾಡುತ್ತೇನೆ.

ತಾತನ ಕಾಲದಲ್ಲಿ ಕೆರೆಗೆ ನೀರುಗಂಟಿ ಇದ್ದ. ತೂಬು ಎತ್ತುವುದು, ಸರದಿ ಪ್ರಕಾರ ಗದ್ದೆಗಳಿಗೆ ಬಿಡುವುದು ಅವನ ಕೆಲಸ. ಏರಿ ಮೇಲೆ ನಿಂತರೆ ಎಷ್ಟು ನೀರಿದೆ ಅಂತ ಎಲ್ಲರಿಗೂ ಕಾಣುತ್ತಿತ್ತು. ಯಾರು ಕದ್ದು ತಿರುಗಿಸಿಕೊಂಡರೂ ಗೊತ್ತಾಗುತ್ತಿತ್ತು. ನೆಲದೊಳಗಿನ ನೀರಿಗೆ ಏರಿಯೂ ಇಲ್ಲ, ನೀರುಗಂಟಿಯೂ ಇಲ್ಲ.

ಹಾಗಂತ ಆಗದ ಕೆಲಸವಲ್ಲ. ಅಮೆರಿಕದ ಲಾಸ್ ಏಂಜಲೀಸ್ ಪಕ್ಕದ ವೆಸ್ಟ್ ಬೇಸಿನ್ ಎಂಬ ಅಂತರ್ಜಲ ಪ್ರದೇಶದಲ್ಲೂ ಎಲ್ಲರೂ ಪೈಪೋಟಿಯಲ್ಲಿ ನೀರೆತ್ತಿ, ಸಮುದ್ರದ ಉಪ್ಪುನೀರು ಒಳಗೆ ನುಗ್ಗಿತ್ತು. ಕೊನೆಗೆ 1955ರಲ್ಲಿ ಕಡಿಮೆ ಎತ್ತಲು ಒಪ್ಪಂದವಾಯಿತು. ಅದರಲ್ಲಿದ್ದ ಒಂದು ಷರತ್ತು ನನಗೆ ತುಂಬಾ ಇಷ್ಟ: ಶೇ. 80ರಷ್ಟು ನೀರಿನ ಹಕ್ಕು ಇರುವವರು ಸಹಿ ಹಾಕಿದರೆ ಮಾತ್ರ ಜಾರಿ. ಮೊದಲು ಸಹಿ ಹಾಕಿದವನು ಒಬ್ಬನೇ ಕೆಡುವ ಭಯ ಇಲ್ಲ. ಇದನ್ನು ಹತ್ತಿರದಿಂದ ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಹೋದ ತಿಂಗಳು ಪಕ್ಕದ ತೋಟದ ಅಣ್ಣನಿಗೆ ಈ ಕತೆ ಹೇಳಿದೆ. ಅವನು ನಗಲಿಲ್ಲ. "ನಮ್ಮೂರಲ್ಲಿ ಎಷ್ಟು ಜನ ಸಹಿ ಹಾಕ್ತಾರೆ?" ಅಂದ. ಇಬ್ಬರೂ ಬದುವಿನ ಮೇಲೆ ಕೂತು ಹೆಸರು ಎಣಿಸಿದೆವು.