ಧರೆಗೂ ಒಂದು ನೋಂದಣಿ ಸಂಖ್ಯೆ

ಹಾಂಗ್‌ಕಾಂಗ್‌ನ ರಸ್ತೆ ಬದಿಯ ಧರೆಗಳ (ಕಡಿದಾದ ಇಳಿಜಾರುಗಳ) ಮೇಲೆ ಒಂದು ಪುಟ್ಟ ಫಲಕವಿರುತ್ತದೆ. ಆ ಧರೆಯ ನೋಂದಣಿ ಸಂಖ್ಯೆ ಅದರಲ್ಲಿರುತ್ತದೆ. ಸಂಖ್ಯೆಯ ನಡುವಿನ ಅಕ್ಷರವನ್ನು ನೋಡಿದರೆ ಅದು ಗುಡ್ಡ ಕಡಿದು ಮಾಡಿದ್ದೋ, ಮಣ್ಣು ತುಂಬಿ ಎಬ್ಬಿಸಿದ್ದೋ, ತಡೆಗೋಡೆಯೋ ಎಂಬುದು ತಿಳಿಯುತ್ತದೆ. ಹೀಗೆ ದಾಖಲಾಗಿರುವ ಮಾನವನಿರ್ಮಿತ ಇಳಿಜಾರುಗಳು ಸುಮಾರು 60,000. ಆ ನಗರದ ಭೂಕುಸಿತಗಳ ಬಗ್ಗೆ ಓದಲು ಕುಳಿತಾಗ ಭಾರಿ ಯಂತ್ರಗಳ ಕತೆಯನ್ನು ನಿರೀಕ್ಷಿಸಿದ್ದೆ. ಮನಸ್ಸಿನಲ್ಲಿ ಉಳಿದದ್ದು ಈ ಲೆಕ್ಕದ ಪುಸ್ತಕ.

ಸುಮಾರು 1,100 ಚದರ ಕಿಲೋಮೀಟರ್ ನೆಲ, ಅದರಲ್ಲಿ ಬಹುಪಾಲು ಗುಡ್ಡ, ಸುಮಾರು 75 ಲಕ್ಷ ಜನ, ವರ್ಷಕ್ಕೆ ಸರಾಸರಿ 2,400 ಮಿ.ಮೀ. ಮಳೆ. ಸಮತಟ್ಟು ಜಾಗ ಸಾಲದಿದ್ದುದರಿಂದ ಗುಡ್ಡವನ್ನು ಕಡಿದರು, ಕಡಿದ ಮಣ್ಣನ್ನು ಪಕ್ಕದ ಕಣಿವೆಗೆ ಸುರಿದರು, ಎರಡರ ಮೇಲೂ ಮನೆ ಕಟ್ಟಿದರು. ಅಲ್ಲಿನ ಗ್ರಾನೈಟ್ ಮತ್ತು ಜ್ವಾಲಾಮುಖಿ ಶಿಲೆಗಳು ಬಿಸಿಲು ಮಳೆಗೆ ಶಿಥಿಲಗೊಂಡು ಎಷ್ಟೋ ಕಡೆ ಹತ್ತಾರು ಮೀಟರ್ ಆಳದವರೆಗೆ ಮಣ್ಣಾಗಿವೆ. ಇಂತಹ ಮಣ್ಣಿನ ಕಣಗಳ ನಡುವೆ ಅಲ್ಪಸ್ವಲ್ಪ ತೇವವಿರುವಾಗ ಆ ನೀರಿನ ಸೆಳೆತವೇ ಕಣಗಳನ್ನು ಒಂದಕ್ಕೊಂದು ಬಿಗಿದಿಡುತ್ತದೆ. ಆದ್ದರಿಂದಲೇ ಕಡಿದಾದ ಧರೆಯೂ ವರ್ಷಗಟ್ಟಲೆ ನಿಂತಿರುತ್ತದೆ. ಜಡಿಮಳೆಯಲ್ಲಿ ಸಂದುಗಳೆಲ್ಲ ನೀರಿನಿಂದ ತುಂಬಿದಾಗ ಆ ಬಿಗಿತ ಕಳೆದುಹೋಗುತ್ತದೆ. ಹತ್ತು ಮಳೆಗಾಲ ಕಂಡ ಧರೆ ಹನ್ನೊಂದನೆಯದರಲ್ಲಿ ಬಿದ್ದಾಗ ಜನ ಅಚ್ಚರಿಪಡುತ್ತಾರೆ, ಆದರೆ ಅದು ನಿಂತದ್ದೇ ಒಂದು ಸಾಲದ ಮೇಲೆ.

ನೀರು ಒಳಗಿಳಿಯದಂತೆ ಹಿಂದೆ ಧರೆಗಳಿಗೆ ಮಣ್ಣು, ಸುಣ್ಣ, ಸಿಮೆಂಟ್ ಕಲಸಿದ ಗಾರೆಯನ್ನು ಬಳಿಯುತ್ತಿದ್ದರು. ಅದನ್ನು ಅಲ್ಲಿ 'ಚುನಮ್' ಎನ್ನುತ್ತಾರೆ. ನಮ್ಮ ಸುಣ್ಣದ ಬಳಗದ ಪದವೇ ವಸಾಹತು ಕಾಲದ ಇಂಗ್ಲಿಷಿನ ಬೆನ್ನೇರಿ ದಕ್ಷಿಣ ಚೀನಾದ ಕಡಲತೀರ ತಲುಪಿದೆ.

1972ರ ಜೂನ್ 18ರ ಮಧ್ಯಾಹ್ನ, ಮೂರು ದಿನಗಳಲ್ಲಿ 650 ಮಿ.ಮೀ.ಗೂ ಹೆಚ್ಚು ಮಳೆ ಸುರಿದ ಬಳಿಕ, ಸಾವ್ ಮಾವ್ ಪಿಂಗ್ ಎಂಬಲ್ಲಿ ತುಂಬುಮಣ್ಣಿನ ಏರಿಯೊಂದು ಕುಸಿದು ಕೆಳಗಿನ ಗುಡಿಸಲುಗಳ ಮೇಲೆ ಹರಿಯಿತು. 71 ಜನ ಸತ್ತರು. ಅದೇ ರಾತ್ರಿ ಸಿರಿವಂತರ ವಸತಿಯಾದ ಪೊ ಶಾನ್ ರಸ್ತೆಯ ಗುಡ್ಡ ಜಾರಿ, ಬಹುಮಹಡಿ ಕಟ್ಟಡವೊಂದನ್ನು ನೆಲಸಮ ಮಾಡಿ, 67 ಜನರನ್ನು ಬಲಿ ತೆಗೆದುಕೊಂಡಿತು. ನಾಲ್ಕು ವರ್ಷಗಳ ನಂತರ, 1976ರ ಆಗಸ್ಟ್ 25ರಂದು, ಅದೇ ಸಾವ್ ಮಾವ್ ಪಿಂಗ್‌ನಲ್ಲಿ ಮತ್ತೊಂದು ಏರಿ ಬಿದ್ದು 18 ಜನ ತೀರಿಕೊಂಡರು. ಈ ಎರಡನೆಯ ಸಲದ್ದನ್ನು ಪ್ರಕೃತಿ ವಿಕೋಪ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಲಾರಿಯಿಂದ ಸುರಿದು ದಮ್ಮಸು ಮಾಡದೆ ಬಿಟ್ಟ ಸಡಿಲ ಮಣ್ಣು ನೀರು ಕುಡಿದಾಗ ಮುದ್ದೆಯಾಗಿ ಜಾರುವುದಿಲ್ಲ. ಒಮ್ಮೆಲೇ ಅಂಬಲಿಯಂತಾಗಿ ನುಗ್ಗುತ್ತದೆ, ಓಡಲು ಸಮಯ ಕೊಡುವುದಿಲ್ಲ. ತನಿಖಾ ಸಮಿತಿಯ ಸಲಹೆ ಸರಳವಾಗಿತ್ತು: ಇಂತಹ ಏರಿಗಳ ಮೇಲ್ಪದರವನ್ನು ಮೂರು ಮೀಟರ್‌ನಷ್ಟು ತೆಗೆದು, ಮತ್ತೆ ಪದರಪದರವಾಗಿ ಹಾಕಿ ಗಟ್ಟಿ ಮಾಡಿರಿ, ನೀರು ಬಸಿಯಲು ದಾರಿ ಕೊಡಿರಿ.

1977ರಲ್ಲಿ ಇದಕ್ಕೆಂದೇ ಒಂದು ಸರ್ಕಾರಿ ಕಚೇರಿ ಹುಟ್ಟಿತು. ಈಗ ಅದರ ಹೆಸರು ಜಿಯೋಟೆಕ್ನಿಕಲ್ ಎಂಜಿನಿಯರಿಂಗ್ ಆಫೀಸ್. ಹೊಸ ಕಟ್ಟಡಕ್ಕಾಗಿ ಗುಡ್ಡ ಕಡಿಯುವ ನಕ್ಷೆಗಳನ್ನು ಅದು ಪರಿಶೀಲಿಸುತ್ತದೆ, ಹಳೆಯ ಧರೆಗಳನ್ನು ಅಪಾಯದ ಕ್ರಮದಲ್ಲಿ ಒಂದೊಂದಾಗಿ ಭದ್ರಪಡಿಸುತ್ತದೆ. ಧರೆಯೊಳಗೆ ಉದ್ದನೆಯ ರಂಧ್ರ ಕೊರೆದು, ಉಕ್ಕಿನ ಸರಳು ತೂರಿಸಿ, ಸುತ್ತ ಸಿಮೆಂಟ್ ತುಂಬುವ 'ಮಣ್ಣಿನ ಮೊಳೆ' ಈಗ ಹೆಚ್ಚು ಬಳಕೆಯಲ್ಲಿದೆ. ಮಳೆಯ ಪ್ರಮಾಣ ನೋಡಿ ಭೂಕುಸಿತದ ಮುನ್ನೆಚ್ಚರಿಕೆ ಕೊಡುವ ಪದ್ಧತಿಯೂ ಆ ವರ್ಷಗಳಲ್ಲೇ ಆರಂಭವಾಯಿತು.

ಆದರೆ ಒಮ್ಮೆ ಭದ್ರಪಡಿಸಿ ಕೈತೊಳೆದುಕೊಳ್ಳುವ ಕೆಲಸ ಇದಲ್ಲ. 1994ರ ಜುಲೈ 23ರಂದು ಕ್ವುನ್ ಲುಂಗ್ ಲಾವ್ ವಸತಿ ಸಮುಚ್ಚಯದ ಹಳೆಯ ಕಲ್ಲಿನ ತಡೆಗೋಡೆ ಬಿದ್ದು ಐವರು ಸತ್ತರು. ಗೋಡೆ ಎಣಿಸಿದ್ದಕ್ಕಿಂತ ತೆಳುವಾಗಿತ್ತು. ಹಿಂದೆ ಹೂತಿದ್ದ ಚರಂಡಿ ಕೊಳವೆಗಳು ಸೋರುತ್ತಿದ್ದವು. ಆಕಾಶದ ನೀರಿಗೆ ಕೊಡೆ ಹಿಡಿದವರು ಕಾಲಕೆಳಗಿನ ನೀರನ್ನು ಮರೆತಿದ್ದರು. ಆ ಬಳಿಕ ಪ್ರತಿಯೊಂದು ಧರೆಯ ನಿರ್ವಹಣೆ ಯಾರ ಪಾಲಿನದು ಎಂದು ಗುರುತಿಸುವ ದೊಡ್ಡ ಸಮೀಕ್ಷೆ ನಡೆಯಿತು. ಇಲಾಖೆಯದಾದರೆ ಇಲಾಖೆ, ಖಾಸಗಿಯಾದರೆ ಮನೆಮಾಲೀಕರೇ ಕಾಲುವೆಯ ಕಸ ತೆಗೆಸಬೇಕು, ಬಿರುಕು ಮುಚ್ಚಿಸಬೇಕು. ಅಪಾಯ ಕಂಡುಬಂದರೆ ದುರಸ್ತಿ ಮಾಡಿಸುವಂತೆ ಕಟ್ಟಡ ಕಾನೂನಿನಡಿ ಅವರಿಗೆ ಆದೇಶ ಬರುತ್ತದೆ. ಒಂದೇ ಕಟ್ಟಡದ ನೂರಾರು ಮಾಲೀಕರು ಕೂತು ಧರೆಯ ಖರ್ಚು ಹಂಚಿಕೊಳ್ಳುವುದು ಎಂಜಿನಿಯರಿಂಗ್‌ಗಿಂತ ಕಷ್ಟದ ಕೆಲಸವಿರಬೇಕು.

ಯಾರೂ ಕಡಿಯದ, ಫಲಕವಿಲ್ಲದ ಸಹಜ ಗುಡ್ಡಗಳ ಪ್ರಶ್ನೆಯೇ ಬೇರೆ. 2008ರ ಜೂನ್ 7ರ ಮಳೆಗೆ ಲಾಂಟಾವ್ ದ್ವೀಪದ ಗುಡ್ಡಗಳ ಮೈಮೇಲೆಲ್ಲ ಗೀರುಗಳೆದ್ದವು. 2023ರ ಸೆಪ್ಟೆಂಬರ್ 7ರ ರಾತ್ರಿ ಒಂದೇ ಗಂಟೆಯಲ್ಲಿ 158.1 ಮಿ.ಮೀ. ಸುರಿಯಿತು, 1884ರಿಂದ ಇಟ್ಟಿರುವ ದಾಖಲೆಯಲ್ಲಿ ಅದೇ ಅತಿ ಹೆಚ್ಚು. ಇಡೀ ಗುಡ್ಡಕ್ಕೆ ಮೊಳೆ ಹೊಡೆಯಲು ಸಾಧ್ಯವಿಲ್ಲದ ಕಾರಣ 2010ರಿಂದೀಚಿನ ಸರ್ಕಾರಿ ಭೂಕುಸಿತ ತಡೆ ಯೋಜನೆ ಅಂತಹ ಕಡೆ ಬೇರೆ ದಾರಿ ಹಿಡಿದಿದೆ. ಬೀಳುವುದು ಬೀಳಲಿ ಎಂದು ಬಿಟ್ಟು, ಕೊರಕಲಿನ ಬಾಯಲ್ಲಿ ಕಾಂಕ್ರೀಟ್ ಗೋಡೆಯನ್ನೋ ಉಕ್ಕಿನ ಬಲೆಯನ್ನೋ ನಿಲ್ಲಿಸುತ್ತಾರೆ. ಬಂದ ಬಂಡೆ ಮಣ್ಣು ಅಲ್ಲಿ ತಂಗುತ್ತದೆ, ಮುಂದಿನ ಮಳೆಗೆ ಮೊದಲು ಅದನ್ನು ತೆಗೆದು ಬಲೆಯನ್ನು ಬರಿದು ಮಾಡುತ್ತಾರೆ.