ಆ ಹಳೇ ಹೇನೆಲ್ ಏರ್ ರೈಫಲ್ ತಗೊಳ್ಳಲಾ?

"ಅಣ್ಣಾ, ಹೇನೆಲ್ 310 ಒಂದು ಸಿಕ್ಕಿದೆ. ತಗೊಳ್ಳಲಾ?"

ತಿಂಗಳಿಗೆ ಒಂದು ಸಲವಾದರೂ ಈ ಪ್ರಶ್ನೆ ನನ್ನ ಫೋನಿಗೆ ಬಂದು ಬೀಳುತ್ತದೆ. ಜೊತೆಗೆ ಒಂದು ಮಂಕು ಫೋಟೋ. ಯಾರದೋ ಗ್ಯಾರೇಜಿನ ಮೂಲೆ, ಹಳೇ ಕಂಬಳಿಯ ಮೇಲೆ ಮಲಗಿಸಿದ ಬಂದೂಕು. ಕೇಳುವವರು ಹೆಚ್ಚಾಗಿ ನಮ್ಮ ಹುಡುಗರೇ. ನಾನಿರುವುದು ಜರ್ಮನಿಯ ಥುರಿಂಗಿಯಾ ರಾಜ್ಯದ ಇಲ್ಮೆನಾವ್ ಎಂಬ ಚಿಕ್ಕ ಊರಿನಲ್ಲಿ. ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಓದಲು ಬಂದವನು ಇಲ್ಲೇ ಉಳಿದುಬಿಟ್ಟೆ. ನನ್ನ ಹತ್ತಿರ ಒಂದು 310 ಇದೆ ಎನ್ನುವ ಸುದ್ದಿ ಹೇಗೋ ಹಬ್ಬಿದೆ. ಪ್ರತಿ ಸಲ ಬಿಡಿಬಿಡಿಯಾಗಿ ಹೇಳಿ ಸಾಕಾಯಿತು. ಅದಕ್ಕೇ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಮೊದಲು ಇದು ಏನು ಅಂತ ಗೊತ್ತಿಲ್ಲದವರಿಗೆ. ನಮ್ಮ ಜಾತ್ರೆಗಳಲ್ಲಿ ಬಲೂನ್ ಹೊಡೆಯುವ ಬಂದೂಕು ನೆನಪಿದೆ ಅಲ್ವಾ? ಅಂಗಡಿಯವನು ನಳಿಗೆಯನ್ನು ಮಡಚಿ, ತುಟಿಯಲ್ಲೋ ಅಂಗೈಯಲ್ಲೋ ಇಟ್ಟುಕೊಂಡ ಪುಟ್ಟ ಸೀಸದ ಗುಂಡೊಂದನ್ನು ತುರುಕಿ, ನಳಿಗೆಯನ್ನು ಪಟ್ಟನೆ ಮುಚ್ಚಿ ನಮ್ಮ ಕೈಗೆ ಕೊಡುತ್ತಿದ್ದ. ಒಂದು ಏಟು. ಮತ್ತೆ ಅವನ ಕೈಗೆ. ಅದು ಸ್ಪ್ರಿಂಗ್ ಏರ್ ಗನ್. ಮಡಚುವಾಗ ಒಳಗಿನ ಸ್ಪ್ರಿಂಗ್ ಒತ್ತಿಕೊಂಡು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕುದುರೆ ಎಳೆದರೆ ಪಿಸ್ಟನ್ ಮುಂದಕ್ಕೆ ನೆಗೆದು ತನ್ನ ಮುಂದಿನ ಗಾಳಿಯನ್ನು ಅಮುಕುತ್ತದೆ. ಆ ಗಾಳಿ ಗುಂಡನ್ನು ತಳ್ಳುತ್ತದೆ. ಅಷ್ಟೇ.

310 ಕೂಡ ಸ್ಪ್ರಿಂಗ್ ಗನ್ನೇ. ಆದರೆ ಇದಕ್ಕೆ ಪುಟ್ಟ ಮ್ಯಾಗಝೀನ್ ಇದೆ, ನನ್ನದರಲ್ಲಿ ಆರು ಗುಂಡು ಹಿಡಿಯುತ್ತದೆ. ಮಿಲಿಟರಿ ಬಂದೂಕಿನ ಹಾಗೆ ಬದಿಯಲ್ಲಿ ಬೋಲ್ಟಿನ ಹಿಡಿ. ಹಿಡಿ ಹಿಂದಕ್ಕೆ ಎಳೆದರೆ ಸ್ಪ್ರಿಂಗ್ ತಯಾರು, ಮುಂದಕ್ಕೆ ತಂದರೆ ಗುಂಡು ನಳಿಗೆಯ ಬಾಯಿಗೆ. ನಳಿಗೆ ಮಡಚಬೇಕಿಲ್ಲ, ಬೆರಳಲ್ಲಿ ಗುಂಡು ತುರುಕಬೇಕಿಲ್ಲ. ಕಣ್ಣನ್ನು ಗುರಿಯ ಮೇಲಿಂದ ಹೆಚ್ಚು ಸರಿಸಬೇಕಾಗಿಲ್ಲ. ಕ್ಲಿಕ್, ಟಪ್. ಕ್ಲಿಕ್, ಟಪ್. ಒಂದು ಸಲ ಹೊಡೆದವರಿಗೆ ಆಸೆ ಹತ್ತುವುದು ಈ ಸದ್ದಿಗೇ.

ಇಷ್ಟು ಚೆನ್ನಾಗಿದ್ದರೆ ಎಲ್ಲ ಸ್ಪ್ರಿಂಗ್ ಗನ್ನುಗಳೂ ಯಾಕೆ ಹೀಗಿಲ್ಲ? ತಗೊಳ್ಳಬೇಕಾ ಬೇಡ್ವಾ ಅನ್ನುವುದರ ಅರ್ಧ ಉತ್ತರ ಇದರಲ್ಲೇ ಇದೆ.

ಸಾಮಾನ್ಯ ಏರ್ ಗನ್ನಿಗೆ ಹಾಕುವ ಸೀಸದ ಗುಂಡು, ಅಂದರೆ ಪೆಲೆಟ್ ಒಂದನ್ನು ಅಂಗೈಯಲ್ಲಿಟ್ಟು ನೋಡಿ. ತಲೆ ದಪ್ಪ, ನಡು ಸಣ್ಣ, ಹಿಂದೆ ಲಂಗದ ಹಾಗೆ ಅಗಲ. ಒಳಗೆ ಟೊಳ್ಳು. ಆ ಲಂಗದ ಅಂಚು ಎಷ್ಟು ತೆಳುವೆಂದರೆ ಉಗುರಿನಲ್ಲಿ ಒತ್ತಿದರೆ ಸೊಟ್ಟಗಾಗುತ್ತದೆ. ಗಾಳಿ ಹಿಂದಿನಿಂದ ನುಗ್ಗಿದಾಗ ಲಂಗ ಅರಳಿ ನಳಿಗೆಗೆ ಅಂಟಿಕೊಳ್ಳುತ್ತದೆ, ಗಾಳಿ ಸೋರುವುದಿಲ್ಲ. ಹಾರುವಾಗ ಶಟಲ್ ಕಾಕ್ ಹಾಗೆ ಹಿಂಭಾಗ ಗಾಳಿಗೆ ಎಳೆದುಕೊಂಡು ಮೂತಿ ನೇರವಾಗಿ ಇರುತ್ತದೆ. ಗುರಿಗೆ ಇದಕ್ಕಿಂತ ಒಳ್ಳೆಯ ಆಕಾರ ಬೇಡ. ಆದರೆ ಇಂಥದ್ದನ್ನು ಒಂದರ ಹಿಂದೆ ಒಂದು ಪೇರಿಸಿ ಸ್ಪ್ರಿಂಗಿನಿಂದ ತಳ್ಳಿ ನೋಡಿ. ಒಂದರ ತಲೆ ಇನ್ನೊಂದರ ಲಂಗದೊಳಗೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಅಂಚು ಜಜ್ಜಿಹೋಗುತ್ತದೆ.

ಹೇನೆಲ್‌ನವರು ಕಂಡುಕೊಂಡ ದಾರಿ ಸರಳ. ಪೆಲೆಟ್ಟೇ ಬೇಡ, 4.4 ಮಿಲಿಮೀಟರಿನ ಸೀಸದ ಗೋಲಿ ಹಾಕು. ಗೋಲಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ತಿರುಗಿದರೂ ಉರುಳಿದರೂ ಅದೇ ಆಕಾರ. ಮ್ಯಾಗಝೀನಿನಿಂದ ಸಲೀಸಾಗಿ ಬರುತ್ತದೆ. ಅರ್ಧ ಗ್ರಾಂನಷ್ಟು ತೂಕ. ಆದರೆ ಗೋಲಿ ನಳಿಗೆಗೆ ತಾಕುವುದು ಹೊಟ್ಟೆಯ ಸುತ್ತ ಒಂದು ಗೆರೆಯಷ್ಟೇ. ಅರಳುವ ಲಂಗವಿಲ್ಲ. ಹಾಗಾಗಿ ಪೆಲೆಟ್ಟಿನ ನಿಖರತೆ ಇದರಿಂದ ಬರುವುದಿಲ್ಲ. ಬೋಲ್ಟಿನ ಗಿಡ್ಡ ಹಿಡಿಯಿಂದ ಎಳೆಯಬೇಕಾದ್ದರಿಂದ ಸ್ಪ್ರಿಂಗನ್ನೂ ಗಟ್ಟಿ ಇಡಲಾಗುವುದಿಲ್ಲ. ನಳಿಗೆ ಮಡಚುವ ಗನ್ನಿನಲ್ಲಿ ಇಡೀ ನಳಿಗೆಯೇ ಉದ್ದದ ಸನ್ನೆಕೋಲು, ಇಲ್ಲಿ ಅದಿಲ್ಲ. ಆದ್ದರಿಂದ ಶಕ್ತಿಯೂ ಕಡಿಮೆ.

ಈ ಬಂದೂಕಿನ ಸಂಸಾರ ಎಲ್ಲಿಂದ ಬಂತು ಎನ್ನುವುದನ್ನೂ ಹೇಳಿಬಿಡುತ್ತೇನೆ, ಇದು ನನಗೆ ಇಷ್ಟದ ಭಾಗ. ನಮ್ಮೂರಿನಿಂದ ಬೆಟ್ಟ ದಾಟಿದರೆ ಝೂಲ್. ಶತಮಾನಗಳಿಂದ ಬಂದೂಕು ಮಾಡುವ ಊರು. ಹೇನೆಲ್ ಕಂಪನಿ ಅಲ್ಲಿ ಶುರುವಾದದ್ದು 1840ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಷ್ಟುರ್ಮ್‌ಗೆವೆಯರ್ 44 ಎಂಬ ಬಂದೂಕಿನ ಹಿಂದಿದ್ದ ಹ್ಯೂಗೋ ಷ್ಮೈಸರ್ ಇದೇ ಕಂಪನಿಯಲ್ಲಿದ್ದವನು. 1930ರ ದಶಕದಲ್ಲಿ ಬೋಲ್ಟ್ ಎಳೆದು ಗೋಲಿ ಹೊಡೆಯುವ ಮಾಡೆಲ್ 33 ಏರ್ ಗನ್ನನ್ನು ರೂಪಿಸಿದವನೂ ಅವನೇ. ಯುದ್ಧ ಮುಗಿದ ಮೇಲೆ ರಷ್ಯನ್ನರು ಅವನನ್ನು ತಮ್ಮ ದೇಶದ ಇಝೆವ್‌ಸ್ಕ್ ಊರಿಗೆ ಕರೆದೊಯ್ದರು. ಝೂಲ್ ಪೂರ್ವ ಜರ್ಮನಿಗೆ ಸೇರಿತು. ಆ ಹಳೇ ಏರ್ ಗನ್ನಿನ ಯೋಚನೆಯೇ ಮುಂದುವರಿದು 310 ಆಯಿತು. ಪೂರ್ವ ಜರ್ಮನಿಯಲ್ಲಿ 1952ರಿಂದ 1990ರವರೆಗೆ ಇದ್ದ 'ಗೆಝೆಲ್‌ಶಾಫ್ಟ್ ಫ್ಯೂರ್ ಷ್ಪೋರ್ಟ್ ಉಂಡ್ ಟೆಕ್ನಿಕ್' ಎಂಬ ಸಂಘಟನೆ, ನಮ್ಮ ಎನ್‌ಸಿಸಿ ಥರದ್ದು ಎಂದುಕೊಳ್ಳಿ, ಹುಡುಗರಿಗೆ ಗುರಿ ಕಲಿಸಲು ಇದನ್ನು ಬಳಸುತ್ತಿತ್ತು. ಈ ಕಡೆಯ ಅರವತ್ತು ದಾಟಿದ ಗಂಡಸರ ಎದುರು 310 ಎಂದು ಹೇಳಿ ನೋಡಿ. ಮುಖದಲ್ಲಿ ತಕ್ಷಣ ಒಂದು ನಗು.

ನಾನು ನನ್ನದನ್ನು ತಗೊಂಡದ್ದೂ ಅಂಥ ಒಬ್ಬ ಅಜ್ಜನಿಂದ. ಗ್ಯಾರೇಜಿನ ಗೋಡೆಗೆ ಮರದ ಪೆಟ್ಟಿಗೆ ಒರಗಿಸಿ, ಅದರೊಳಗೆ ಹಳೇ ಬಟ್ಟೆ ತುಂಬಿ, ಮುಂದೆ ಕಾಗದದ ಗುರಿ ಅಂಟಿಸಿದರು. "ಹೊಡೆದು ನೋಡಿ" ಎಂದರು. ನಾನು ಖುಷಿಯಲ್ಲಿ ಕ್ಲಿಕ್, ಟಪ್ ಶುರುಮಾಡಿದೆ. ಆರು ಮುಗಿದದ್ದು ನನಗೆ ತಿಳಿಯಲಿಲ್ಲ. ಏಳನೆಯದು ಎಳೆದಾಗ ಟಪ್ ಎನ್ನಲಿಲ್ಲ. ಠಣ್ ಅಂದಿತು. ಭುಜಕ್ಕೆ ಸಣ್ಣ ಗುದ್ದು. ಅಜ್ಜ ಹಲ್ಲು ಕಚ್ಚಿ ಕಣ್ಣು ಮುಚ್ಚಿದರು, ಅವರ ಕಾಲನ್ನೇ ತುಳಿದ ಹಾಗೆ.

ಗುಂಡಿಲ್ಲದೆ ಹೊಡೆದರೆ ಪಿಸ್ಟನ್ನಿನ ಮುಂದೆ ಗಾಳಿಯ ದಿಂಬು ಇರುವುದಿಲ್ಲ. ತಡೆಯುವ ಗುಂಡೇ ಇಲ್ಲವಾದ್ದರಿಂದ ಗಾಳಿ ಸಲೀಸಾಗಿ ಹೊರಗೆ ಹೋಗುತ್ತದೆ, ಪಿಸ್ಟನ್ ಹೋಗಿ ಕೊನೆಗೆ ಅಪ್ಪಳಿಸುತ್ತದೆ. ಹೀಗೆ ಮಾಡುತ್ತಿದ್ದರೆ ಸ್ಪ್ರಿಂಗ್, ವಾಷರ್ ಎಲ್ಲ ಹಾಳು. ಒಂದೊಂದೇ ಹಾಕುವ ಗನ್ನಿನಲ್ಲಿ ಈ ತಪ್ಪು ಆಗುವುದು ಕಡಿಮೆ, ಯಾಕೆಂದರೆ ಗುಂಡು ಹಾಕಿದವರು ನೀವೇ. ಹೀಗೆ ಮ್ಯಾಗಝೀನಿನಿಂದ ಸಾಲಾಗಿ ಹೊಡೆಯುವ ಗನ್ನಿನಲ್ಲಿ, ಅಂದರೆ ರಿಪೀಟರಿನಲ್ಲಿ, ಎಣಿಸುತ್ತಲೇ ಇರಬೇಕು. ನಾನಂತೂ ಈಗಲೂ ಬಾಯಿಬಿಟ್ಟು ಎಣಿಸುತ್ತೇನೆ. ಕ್ಲಬ್ಬಿನಲ್ಲಿ "ಒಂದು, ಎರಡು, ಮೂರು" ಕನ್ನಡದಲ್ಲೇ. ಪಕ್ಕದವರಿಗೂ ಈಗ ಆರರವರೆಗೆ ಬರುತ್ತದೆ.

ಇದಕ್ಕಿಂತ ದೊಡ್ಡ ವಿಷಯ, ಒಳಗೆ ಗುಂಡು ಇದೆಯೋ ಇಲ್ಲವೋ ಅನ್ನುವುದು ಹೊರಗಿನಿಂದ ಕಾಣುವುದಿಲ್ಲ. ಮ್ಯಾಗಝೀನ್ ತೆಗೆದಾಕ್ಷಣ ಗನ್ ಖಾಲಿಯಾಯಿತು ಎಂದುಕೊಳ್ಳಬೇಡಿ. ನಳಿಗೆಯಲ್ಲಿ ಒಂದು ಕೂತಿರಬಹುದು. ಶಕ್ತಿ ಕಡಿಮೆ ಇರಬಹುದು, ಕಣ್ಣು ಹೋಗಲು ಅಷ್ಟೇ ಸಾಕು. ಹೊಡೆಯುವವರೂ ನೋಡುವವರೂ ಕಣ್ಣು ಕಾಯುವ ಕನ್ನಡಕ ಹಾಕಲೇಬೇಕು, ಮಾತೇ ಇಲ್ಲ.

ಸರಿ, ಕೊಳ್ಳುವಾಗ ಏನು ನೋಡಬೇಕು? ಮೊದಲು ಮ್ಯಾಗಝೀನ್. ಅದಿಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆ ಹೇಳಿದರೂ ವಾಪಸ್ ಬನ್ನಿ. ಗನ್ನುಗಳಿಗಿಂತ ಅದರ ಮ್ಯಾಗಝೀನ್‌ಗಳು ಕಳೆದುಹೋಗಿರುವುದೇ ಜಾಸ್ತಿ. ಇದ್ದರೆ ಅದರ ಪುಟ್ಟ ಸ್ಪ್ರಿಂಗ್ ಚುರುಕಾಗಿ ತಳ್ಳುತ್ತದಾ ನೋಡಿ, ಗುಂಡು ಹೊರಬರುವ ಬಾಯಿಯ ಅಂಚುಗಳು ಸೊಟ್ಟಗಾಗಿವೆಯಾ ನೋಡಿ.

ಆಮೇಲೆ ಪಿಸ್ಟನ್ನಿನ ವಾಷರ್. ಇದು ಚರ್ಮದ್ದು. ಸೈಕಲ್ ಪಂಪು ಬಿಚ್ಚಿದವರಿಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ. ಬೇಸಿಗೆ ರಜೆಯಲ್ಲಿ ಪಂಪು ಸುಮ್ನೆ ಪುಸ್ ಎನ್ನುತ್ತಾ ಗಾಳಿ ಹಿಡಿಯದಿದ್ದಾಗ ಅಪ್ಪ ಏನು ಮಾಡುತ್ತಿದ್ದರು? ಒಳಗಿನ ಬಟ್ಟಲಿನಂಥ ಚರ್ಮವನ್ನು ತೆಗೆದು, ಕೊಬ್ಬರಿ ಎಣ್ಣೆ ಸವರಿ, ಬೆರಳಲ್ಲಿ ಅಂಚನ್ನು ಹೊರಕ್ಕೆ ಅಗಲಿಸಿ ಮತ್ತೆ ಹಾಕುತ್ತಿದ್ದರು. ಪಂಪು ಬುಸ್ ಎನ್ನುತ್ತಿತ್ತು. ಇಲ್ಲೂ ಅದೇ ರೋಗ, ಅದೇ ಮದ್ದು. ಮೂವತ್ತು ವರ್ಷ ಅಟ್ಟದ ಮೇಲಿದ್ದ ಗನ್ನಿನ ಚರ್ಮ ಹಪ್ಪಳವಾಗಿರುತ್ತದೆ. ಹೊಡೆದರೆ ಗೋಲಿ ನಾಚಿಕೊಂಡು ಹೊರಗೆ ಬರುತ್ತದೆ. ಅದನ್ನು ನೋಡಿ ಗನ್ ಸತ್ತಿದೆ ಎಂದು ಬಿಟ್ಟುಬರಬೇಡಿ. ಗನ್ನಿಗೆಂದೇ ಇರುವ ಎಣ್ಣೆ ಕೆಲವು ಹನಿ ಬಿಟ್ಟು ಒಂದು ರಾತ್ರಿ ಹಾಗೇ ಇಟ್ಟರೆ ಎಷ್ಟೋ ಸಲ ಜೀವ ಬರುತ್ತದೆ. ಎಣ್ಣೆ ಜಾಸ್ತಿ ಆದರೆ ಮಾತ್ರ ಒತ್ತಿದ ಗಾಳಿಯ ಕಾವಿಗೆ ಅದೇ ಹೊತ್ತಿಕೊಂಡು ಢಂ ಎಂದು ಹೊಗೆ ಬರುತ್ತದೆ. ಊಟಕ್ಕೆ ತುಪ್ಪ ಬಡಿಸಿದ ಹಾಗೆ ಸುರಿಯಬೇಡಿ.

ಗೋಲಿಯ ವಿಷಯಕ್ಕೆ ಬರೋಣ. 4.4ರ ಸೀಸದ ಗೋಲಿ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಹುಡುಕಬೇಕು. ಆಗ ಎಲ್ಲರ ಕಣ್ಣು ಬೀಳುವುದು ಅಗ್ಗದ ಉಕ್ಕಿನ ಬಿಬಿ ಗುಂಡುಗಳ ಡಬ್ಬಿಯ ಮೇಲೆ. ನೋಡಲು ಅದೇ ಗಾತ್ರ. ದಯವಿಟ್ಟು ಬೇಡ. ಉಕ್ಕು ನಳಿಗೆಯ ಒಳಮೈಯನ್ನು ಉಜ್ಜಿ ಹಾಳುಮಾಡುತ್ತದೆ, ಗಟ್ಟಿ ಜಾಗಕ್ಕೆ ತಾಕಿದರೆ ನೇರ ನಿಮ್ಮ ಕಡೆಗೇ ಹಾರಿಬರುತ್ತದೆ. ಸೀಸವಾದರೆ ತಾಕಿದ ಜಾಗದಲ್ಲಿ ಚಪ್ಪಟೆಯಾಗಿ ಬೀಳುವುದೇ ಹೆಚ್ಚು. ಸೀಸ ಮುಟ್ಟಿದ ಕೈಯಲ್ಲಿ ಚಕ್ಕುಲಿ ತಿನ್ನಬೇಡಿ, ಸೋಪು ಹಾಕಿ ತೊಳೆಯಿರಿ.

ಕಾನೂನು? ಜರ್ಮನಿಯಲ್ಲಿ 18 ತುಂಬಿರಬೇಕು. 7.5 ಜೌಲ್ ಮೀರದ ಏರ್ ಗನ್ನಿಗೆ ಪರವಾನಗಿ ಬೇಡ, ಆದರೆ ಅದರ ಮೇಲೆ ಐದು ಮೂಲೆಯ ಚೌಕಟ್ಟಿನೊಳಗೆ 'ಎಫ್' ಗುರುತು ಇರಬೇಕು. "ಅಣ್ಣಾ, ಇದರಲ್ಲಿ ಎಫ್ ಇಲ್ವಲ್ಲ!" ಎಂದು ಗಾಬರಿಯಾಗಿ ಕೇಳುವವರಿದ್ದಾರೆ. ಪೂರ್ವ ಜರ್ಮನಿಯಲ್ಲಿ 1991ರ ಏಪ್ರಿಲ್ 2ಕ್ಕಿಂತ ಮುಂಚೆ ತಯಾರಾಗಿ, ಆಗಿನ ನಿಯಮದಂತೆ ಮಾರುಕಟ್ಟೆಗೆ ಬಂದದ್ದಕ್ಕೆ ಆ ಗುರುತು ಬೇಕಿಲ್ಲ. 310 ಬಹುಪಾಲು ಆ ಲೆಕ್ಕಕ್ಕೇ ಸೇರುತ್ತದೆ. ಮನೆಯಲ್ಲಿ ಬೀಗ ಹಾಕಿ ಇಡಬೇಕು. ಒಯ್ಯುವಾಗ ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಸ್ವಂತ ಜಾಗದಲ್ಲಿ ಹೊಡೆಯಬಹುದು, ಗುಂಡು ಬೇಲಿ ದಾಟದಂತಿದ್ದರೆ. ಹೆಗಲಿಗೆ ಹಾಕಿಕೊಂಡು ಕಾಡಿಗೆ ಹೋಗುವ ಆಸೆ ಇದ್ದರೆ ಅದನ್ನು ಇಲ್ಲಿಗೇ ಬಿಡಿ. ಹಕ್ಕಿ, ಅಳಿಲು, ಬೆಕ್ಕು ಇವುಗಳ ಕಡೆ ತಿರುಗಿಸುವ ಯೋಚನೆ ಇರುವವರು ನನಗೆ ಫೋನ್ ಮಾಡುವುದೇ ಬೇಡ.

"ಊರಿಗೆ ಬರುವಾಗ ನಂಗೊಂದು ತಗೊಂಡು ಬಾರೋ" ಎನ್ನುವ ಗೆಳೆಯರಿಗೂ ಇಲ್ಲೇ ಉತ್ತರ. ಆಗಲ್ಲ ಮಾರಾಯ. ಭಾರತದಲ್ಲಿ 2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರಿನ, 20 ಜೌಲ್ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡ ನಿಜ. ಆದರೆ ಹೊರದೇಶದಿಂದ ತರುವುದು ಬೇರೆಯೇ ಕಥೆ, ಅದಕ್ಕೆ ನಿರ್ಬಂಧ ಇದೆ. ಸೂಟ್‌ಕೇಸಿನಲ್ಲಿ ಸೀರೆಯ ಕೆಳಗೆ ಮಲಗಿಸಿ ತರುವ ಸಾಮಾನಲ್ಲ ಇದು.

ಇನ್ನು ಕೆಲವರು ಕೇಳುತ್ತಾರೆ, ಹೊಸ ರಿಪೀಟರ್ ತಗೊಂಡರೆ ಆಗಲ್ವಾ ಎಂದು. ಆಗುತ್ತದೆ. ಸ್ಪೇನಿನ ಗಾಮೋ ಕಂಪನಿಯ ಸ್ವಾರ್ಮ್ ಇದೆ. ನಳಿಗೆ ಮಡಚಿದರೆ ಹತ್ತು ಪೆಲೆಟ್ಟಿನ ಚಕ್ರದಿಂದ ಒಂದು ತಾನೇ ಕೂರುತ್ತದೆ. ಚಕ್ರದಲ್ಲಿ ಪ್ರತಿ ಪೆಲೆಟ್ಟಿಗೂ ಬೇರೆ ಗೂಡು, ಹಾಗಾಗಿ ಒಂದಕ್ಕೊಂದು ಸಿಕ್ಕಿಕೊಳ್ಳುವ ಗೋಳಿಲ್ಲ. ಜಾಣ ಕೆಲಸ, ಗುರಿಯೂ ಒಳ್ಳೆಯದು. ಕೆಲವು ಮಾಡೆಲ್‌ಗಳಲ್ಲಿ ಹೊಡೆಯದೆಯೇ ಮರೆತು ಇನ್ನೊಂದು ಸಲ ಮಡಚಿದರೆ ಮಾತ್ರ ಒಂದರ ಹಿಂದೆ ಇನ್ನೊಂದು ಹೋಗಿ ಕೂರುತ್ತದೆ. ನನಗೆ ಮಾತ್ರ ಅದರ ಮೇಲೆ ಮನಸ್ಸಾಗಲಿಲ್ಲ. ನಳಿಗೆ ಮಡಚುವುದೇ ಆದರೆ, ಮಡಚಿದಾಗ ಕಣ್ಣೆದುರೇ ಬಾಯಿ ತೆರೆದಿರುತ್ತದೆ. ಬೆರಳಲ್ಲಿ ಒಂದು ಇಡಲು ಏನು ಕಷ್ಟ?

ಗುರಿ ಕಲಿಯಬೇಕು ಎನ್ನುವವರಿಗೆ ನಾನು ಎರಡನ್ನೂ ಹೇಳುವುದಿಲ್ಲ. ಝೂಲ್‌ನ ಶೂಟಿಂಗ್ ರೇಂಜಿನಲ್ಲಿ 1986ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಿತ್ತು. ಈಗ ಅಲ್ಲಿ ಜೂನಿಯರ್ ವಿಶ್ವಕಪ್ ನಡೆಯುತ್ತದೆ, ನಮ್ಮ ದೇಶದ ಮಕ್ಕಳು ಬರುತ್ತಾರೆ. ಒಂದು ವರ್ಷ ನೋಡಲು ಹೋಗಿದ್ದೆ. 10 ಮೀಟರ್ ದೂರ, ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಹುಡುಗಿಯೊಬ್ಬಳು ಒಂದು ಪೆಲೆಟ್ ಎತ್ತಿ ಹಾಕುತ್ತಾಳೆ, ಉಸಿರು ಬಿಡುತ್ತಾಳೆ, ಹೊಡೆಯುತ್ತಾಳೆ, ಮತ್ತೆ ಇನ್ನೊಂದು ಎತ್ತುತ್ತಾಳೆ. ಅವಸರವೇ ಇಲ್ಲ. ಆ ಸ್ಪರ್ಧೆಯಲ್ಲಿ ಮ್ಯಾಗಝೀನಿಗೆ ಜಾಗವಿಲ್ಲ. ಅದೇ ದೂರದಲ್ಲಿ ನನ್ನ 310ರ ಆರು ಗೋಲಿ ಗುರಿಯ ಕಪ್ಪು ಭಾಗದೊಳಗೆ ಬಿದ್ದರೆ ನಾನು ಮನೆಗೆ ಬಂದು ಹೆಂಡತಿಗೆ ಫೋಟೋ ತೋರಿಸುತ್ತೇನೆ.

ಹಾಗಾದರೆ ತಗೊಳ್ಳಲಾ? ಬಂದೂಕಿನ ಒಳಗೆ ಏನು ನಡೆಯುತ್ತದೆ ಎಂದು ಬಿಚ್ಚಿ ನೋಡುವ ಚಟ ಇದ್ದರೆ, ಖಾಲಿ ಡಬ್ಬಿ ಉರುಳಿಸಿ ನಗುವುದೇ ಸಾಕು ಎಂದಿದ್ದರೆ, ಮ್ಯಾಗಝೀನ್ ಸಮೇತ ಸಿಕ್ಕರೆ, ಕಣ್ಣು ಮುಚ್ಚಿ ತಗೊಳ್ಳಿ. ನನ್ನಲ್ಲಿರುವ ಸಾಮಾನಿನಲ್ಲಿ ಇಷ್ಟು ನಗಿಸಿದ್ದು ಬೇರೆ ಇಲ್ಲ. ಪದಕ ಬೇಕಿದ್ದರೆ ಮಾತ್ರ ಕ್ಲಬ್ಬಿಗೆ ಸೇರಿ, ಅವರ ರೈಫಲ್ಲಿನಲ್ಲೇ ಕಲಿಯಿರಿ.

ಈ ಬರಹ ಬರೆಯುತ್ತಿದ್ದ ಹಾಗೇ ಹಾಸನದ ಹುಡುಗನೊಬ್ಬನ ಮೆಸೇಜು ಬಂತು. ಅದೇ ಪ್ರಶ್ನೆ, ಅದೇ ಥರದ ಫೋಟೋ. ದೊಡ್ಡದು ಮಾಡಿ ನೋಡಿದೆ. ಮರದ ಹಿಡಿಕೆ ಚೆನ್ನಾಗಿದೆ, ತುಕ್ಕಿಲ್ಲ. ಮ್ಯಾಗಝೀನ್ ಕೂರುವ ಸೀಳು ಮಾತ್ರ ಖಾಲಿ. "ಮಾರುವ ಅಜ್ಜನಿಗೆ ಇನ್ನೊಂದು ಸಲ ಡ್ರಾಯರ್ ಹುಡುಕೋಕೆ ಹೇಳು" ಎಂದು ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.