ಎರಡು ಡಿಸ್ಕ್ ಇದ್ದೂ ಅಜ್ಜನ ವಿಡಿಯೋ ಹೋಯಿತು

ಚಿಕ್ಕಮಗಳೂರಿನಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಸುತ್ತಲಿನ ತೋಟದ ಮನೆಗಳಿಗೆ ಹೋಗಿ ನೆಟ್‌ವರ್ಕ್, ಕ್ಯಾಮೆರಾ ಹಾಕಿಕೊಡುತ್ತೇನೆ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದಷ್ಟು ಫೋಟೋ ಪುಕ್ಕಟೆ ಇಡುವುದು ನಿಂತುಹೋಯಿತು. ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ, ಅಷ್ಟೇ. ಆ ಮಳೆಗಾಲ ತುಂಬಾ ಜನ ಬಂದು ಕೇಳಿದರು, "ಮನೇಲೇ ಇಟ್ಕೊಳ್ಳೋ ಹಾಗೆ ಏನಾದ್ರೂ ಮಾಡಿಕೊಡ್ತೀರಾ?"

ಹಾಗೆ ಕೇಳಿದವರಲ್ಲಿ ಆಲ್ದೂರಿನ ಕಡೆಯ ಒಂದು ಕಾಫಿ ತೋಟದ ಮನೆಯವರೂ ಇದ್ದರು. ಸರ್ವರ್ ಆಗಿ, ಅಂದರೆ ಎಲ್ಲರ ಫೈಲ್ ಒಂದೇ ಕಡೆ ಇಡಲು, ಒಂದು ಚಿಕ್ಕ ಕಂಪ್ಯೂಟರ್, 4 ಟಿಬಿಯ ಎರಡು ಡಿಸ್ಕ್ ತಂದು ಕೂರಿಸಿದೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಆಗಲೇ ಬರೆಯುವ ಹಾಗೆ ಜೋಡಿಸಿದೆ. ಫೈಲ್ ಹಂಚಿಕೊಳ್ಳುವ ಸಾಂಬಾ ಎಂಬ ಸಾಫ್ಟ್‌ವೇರ್ ಹಾಕಿ ಮನೆಯವರೆಲ್ಲರಿಗೂ ಕಾಣುವ ಫೋಲ್ಡರ್ ಮಾಡಿದೆ. ತೋಟದ ರೈಟರ್ ಬರೆಯುವ ಚೆಕ್‌ರೋಲ್ (ಆಳುಗಳ ಹಾಜರಿ ಲೆಕ್ಕ), ಪಹಣಿ, ಪೋಡಿ ನಕ್ಷೆ, ಮದುವೆ ಆಲ್ಬಂ, ಎಲ್ಲ ಅದರೊಳಗೆ ಹೋಯಿತು. ಫೋನ್‌ಗಳ ಫೋಟೋ ತಾನಾಗಿ ಬಂದು ಸೇರಲಿ ಎಂದು ಸಿಂಕ್‌ಥಿಂಗ್ ಎಂಬ ಸಾಫ್ಟ್‌ವೇರ್ ಹಾಕಿದೆ. ಕೆಲಸ ಮುಗಿಸಿ ಹೊರಡುವಾಗ ಮನೆಯೊಡತಿಗೆ ಹೇಳಿದೆ, "ಎರಡು ಡಿಸ್ಕ್ ಇದೆ ಅಮ್ಮ, ಒಂದು ಹೋದ್ರೂ ಇನ್ನೊಂದು ಇರುತ್ತೆ. ಚಿಂತೆ ಬೇಡ."

ಆ ಮಾತು ಹೇಳಬಾರದಿತ್ತು.

ಆ ಮನೆಯ ಅಜ್ಜ ಒಂದು ಒಳ್ಳೆಯ ಕೆಲಸ ಮಾಡಿದ್ದರು. ಮೊಮ್ಮಗನನ್ನು ಕರೆದುಕೊಂಡು ತೋಟದ ಗಡಿಯುದ್ದಕ್ಕೂ ನಡೆದು, ಯಾವ ಬಾಂದು ಕಲ್ಲು ಎಲ್ಲಿದೆ, ಯಾವ ಸಿಲ್ವರ್ ಮರದ ಬುಡದಲ್ಲಿ ಹಳೆಯ ಪೈಪ್ ಹೋಗಿದೆ ಎಂದು ಒಂದೊಂದಾಗಿ ತೋರಿಸಿದ್ದರು. ಹುಡುಗ ಅಜ್ಜನ ಫೋನಿನಲ್ಲೇ ಎಲ್ಲ ವಿಡಿಯೋ ಮಾಡಿದ್ದ. 2023ರಲ್ಲಿ ಅಜ್ಜ ತೀರಿಕೊಂಡರು. ಕೆಲವು ತಿಂಗಳ ಮೇಲೆ ಸರ್ವೆಗೆ ಬರುತ್ತಾರೆ ಎಂದಾಗ ಆ ವಿಡಿಯೋ ಬೇಕಾಯಿತು. ಸರ್ವರ್‌ನಲ್ಲಿ ಫೋಲ್ಡರ್ ಇತ್ತು, ಒಳಗೆ ಏನೂ ಇರಲಿಲ್ಲ.

ಫೋನ್ ಬಂತು, ಓಡಿದೆ. ಡಿಸ್ಕ್ ಎರಡೂ ಚೆನ್ನಾಗಿದ್ದವು. ಆಗಿದ್ದು ಬೇರೆ. ಅಜ್ಜ ಇದ್ದಾಗಲೇ ಬೇಸಿಗೆ ರಜೆಯಲ್ಲಿ ಅವರ ಫೋನ್ ತುಂಬಿತ್ತು. "ಎಲ್ಲ ಸರ್ವರ್‌ನಲ್ಲಿ ಇದೆಯಲ್ಲ" ಎಂದುಕೊಂಡು ಹುಡುಗ ಫೋನಿನಿಂದ ವಿಡಿಯೋ ಅಳಿಸಿದ್ದ. ನಾನು ಹಾಕಿದ್ದು ಎರಡೂ ಕಡೆ ಒಂದೇ ಥರ ಇರಬೇಕು ಅನ್ನುವ ಜೋಡಣೆ. ಫೋನಿನಲ್ಲಿ ಅಳಿಸಿದ್ದನ್ನು ಸಿಂಕ್‌ಥಿಂಗ್ ಸರ್ವರ್‌ನಲ್ಲೂ ಅಳಿಸಿತು. ಸರ್ವರ್ ಅದನ್ನು ಎರಡೂ ಡಿಸ್ಕ್‌ನಲ್ಲಿ ಅಳಿಸಿತು. ಯಾವುದೂ ಕೆಟ್ಟಿರಲಿಲ್ಲ, ಎಲ್ಲವೂ ಹೇಳಿದ ಕೆಲಸವನ್ನೇ ಮಾಡಿದ್ದವು. ಅಷ್ಟು ತಿಂಗಳು ಅದೇ ಜಾಗದ ಮೇಲೆ ಹೊಸ ಫೋಟೋ ಬರೆದಿದ್ದರಿಂದ ರಿಕವರಿ ಸಾಫ್ಟ್‌ವೇರ್‌ನಿಂದಲೂ ಏನೂ ಸಿಗಲಿಲ್ಲ.

ಹುಡುಗ ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿ ನಿಂತಿದ್ದ. "ತಪ್ಪು ನಿನ್ನದಲ್ಲ ಪುಟ್ಟ, ನಾನು ಹೇಳಿದ ಮಾತನ್ನು ನೀನು ನಂಬಿದೆ" ಎಂದೆ. ಅದು ಅವನನ್ನು ಸಮಾಧಾನ ಮಾಡಲು ಹೇಳಿದ್ದಲ್ಲ, ನಿಜವಾಗಿ ಹಾಗೇ ಆಗಿತ್ತು.

ಕೊನೆಗೆ ಸ್ವಲ್ಪ ಸಿಕ್ಕಿದ್ದು ಹಾಸನದಲ್ಲಿ. ಅಲ್ಲಿಗೆ ಮದುವೆಯಾಗಿ ಹೋದ ಮಗಳಿಗೆ ಹುಡುಗ ಮೂರು ಚಿಕ್ಕ ತುಂಡುಗಳನ್ನು ವಾಟ್ಸಾಪ್ ಮಾಡಿದ್ದ. ವಾಟ್ಸಾಪ್ ಹಿಂಡಿ ಕಳಿಸಿದ್ದರಿಂದ ಚಿತ್ರ ಮಸುಕು. ಅಜ್ಜನ ದನಿ ಮಾತ್ರ ಸ್ಪಷ್ಟವಾಗಿತ್ತು. ಉಳಿದದ್ದು ಹೋಯಿತು.

ಈ ಎರಡು ಡಿಸ್ಕ್ ಜೋಡಣೆಗೆ ರೇಡ್ ಎನ್ನುತ್ತಾರೆ. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಎಲ್ಲೆಡೆ ಹಬ್ಬಿತು. ಅಗ್ಗದ ಸಣ್ಣ ಡಿಸ್ಕ್‌ಗಳನ್ನು ಸೇರಿಸಿ ದೊಡ್ಡದರ ಕೆಲಸ ಮಾಡಿಸಬೇಕು, ಒಂದು ಕೆಟ್ಟರೂ ಕೆಲಸ ನಿಲ್ಲಬಾರದು. ಅವರ ಲೆಕ್ಕ ಇದು. ಮನುಷ್ಯ ಕೈಯಾರೆ ಅಳಿಸಿದ್ದನ್ನು ವಾಪಸ್ ತರುವುದು ಅದರ ಕೆಲಸವೇ ಅಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗಿರಾಕಿಗೆ "ಚಿಂತೆ ಬೇಡ" ಎಂದಿದ್ದೆ, ಅದೇ ಇವತ್ತಿಗೂ ಚುಚ್ಚುತ್ತದೆ.

ಆ ಮನೆಯ ಜೋಡಣೆಯನ್ನು ಪೂರ್ತಿ ಬದಲಾಯಿಸಿದೆ. ಸಿಂಕ್‌ಥಿಂಗ್‌ನಲ್ಲಿ ಹಳೆಯ ಪ್ರತಿ ಉಳಿಸಿಕೊಳ್ಳುವ ಸೌಲಭ್ಯ ಇದೆ, ಆದರೆ ನಾವಾಗಿ ಆನ್ ಮಾಡಬೇಕು. ಸರ್ವರ್ ಕಡೆ 'ರಿಸೀವ್ ಓನ್ಲಿ' (ಬಂದದ್ದನ್ನು ತೆಗೆದುಕೊಳ್ಳುವುದು ಮಾತ್ರ) ಇಟ್ಟರೆ ಸಾಕು ಎಂದು ಕೆಲವರು ಅಂದುಕೊಳ್ಳುತ್ತಾರೆ. ಸಾಲದು, ಫೋನಿನಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಹಾಗಾಗಿ ಹಳೆಯ ಪ್ರತಿ ಉಳಿಸುವುದನ್ನು ಆನ್ ಮಾಡಿದೆ. ಅದರ ಮೇಲೆ ಆರ್‌ಸ್ನ್ಯಾಪ್‌ಶಾಟ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಹಾಕಿದೆ. 7 ದಿನದ, 4 ವಾರದ, 12 ತಿಂಗಳ ಪ್ರತಿಗಳು ಬೇರೆ ಬೇರೆ ಇರುತ್ತವೆ. ಬದಲಾಗದ ಫೈಲ್ ಮತ್ತೆ ಮತ್ತೆ ಜಾಗ ತಿನ್ನುವುದಿಲ್ಲ, ಅದಕ್ಕೇ ಇದು ಮನೆಗೆ ಸರಿಹೋಗುತ್ತದೆ. ಈ ಪ್ರತಿಗಳು ಯುಎಸ್‌ಬಿ ಡ್ರೈವ್‌ನಲ್ಲಿ ಇರುತ್ತವೆ. ಮನೆಯವರ ಫೋನ್, ಲ್ಯಾಪ್‌ಟಾಪ್ ಯಾವುದರಿಂದಲೂ ಅದಕ್ಕೆ ದಾರಿ ಇಲ್ಲ.

ಇನ್ನು ಸಿಡಿಲು. ಮಲೆನಾಡಿನಲ್ಲಿ ಇದನ್ನು ಬಿಟ್ಟು ಸರ್ವರ್ ಮಾತಾಡುವ ಹಾಗೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗಿನ ಮಳೆ ಬಂತೆಂದರೆ ನನ್ನ ಅಂಗಡಿಯಲ್ಲಿ ಸುಟ್ಟ ರೂಟರ್‌ಗಳ ರಾಶಿ. ಸಿಡಿಲು ಮನೆಯ ಮೇಲೇ ಬೀಳಬೇಕೆಂದಿಲ್ಲ. ದೂರದ ಕಂಬದ ಹತ್ತಿರ ಬಿದ್ದರೂ ಕರೆಂಟ್ ತಂತಿಯಲ್ಲಿ ಹೊಡೆತ ಬರುತ್ತದೆ. ತಾಮ್ರದ ಉದ್ದದ ತಂತಿ ಯಾವುದಿದ್ದರೂ ಅದು ಹೊಡೆತಕ್ಕೆ ದಾರಿ. ಆ ಮನೆಯಲ್ಲಿ ಕಣದ ಪಕ್ಕದ ಕ್ಯಾಮೆರಾಗೆ ಬಯಲಲ್ಲೇ ಲ್ಯಾನ್ ತಂತಿ ಎಳೆದಿದ್ದರು. ಅದನ್ನು ತೆಗೆದು ಫೈಬರ್ ಹಾಕಿಸಿದೆ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಯುಪಿಎಸ್ ಬೇಕು, ಕರೆಂಟ್ ಹೋದಾಗ ಸರ್ವರ್ ಸರಿಯಾಗಿ ಆಫ್ ಆಗಲು. ಆದರೆ ಗುಡುಗು ಜೋರಾದರೆ ಪ್ಲಗ್ ಕೀಳುವುದೇ ವಾಸಿ, ಯುಪಿಎಸ್ ನಂಬಿ ಕೂರಬೇಡಿ.

ಇಷ್ಟು ಮಾಡಿದರೂ ಒಂದೇ ಮನೆಯಲ್ಲಿರುವ ಡಿಸ್ಕ್‌ಗಳು ಒಂದೇ ಸಿಡಿಲಿಗೆ ಹೋಗಬಹುದು, ಅಲ್ವಾ? ಅದಕ್ಕೇ ಹಾಸನದ ಮಗಳು. ತೋಟದ ಮನೆಯ ಇಂಟರ್ನೆಟ್ ನಂಬಿ ದಿನಾ ನೂರಾರು ಜಿಬಿ ಹೊರಗೆ ಕಳಿಸಲು ಆಗುವುದಿಲ್ಲ. ಹಾಗಾಗಿ ಎರಡು ಡ್ರೈವ್ ಇಟ್ಟಿದ್ದೇವೆ. ಒಂದು ತೋಟದ ಮನೆಯಲ್ಲಿ, ಇನ್ನೊಂದು ಹಾಸನದಲ್ಲಿ. ಯುಗಾದಿ, ಗೌರಿ ಹಬ್ಬ, ದೀಪಾವಳಿಗೆ ಅದಲು ಬದಲು. ಗೌರಿ ಹಬ್ಬದಲ್ಲಂತೂ ಬಾಗಿನದ ಜೊತೆಗೇ ಡ್ರೈವ್ ಕೂಡ ಮಗಳ ಕೈಗೆ ಹೋಗುತ್ತದೆ. ದಾರಿಯಲ್ಲಿ ಕಳೆದುಹೋದರೂ ಯಾರೂ ಓದಲಾಗದ ಹಾಗೆ ಬೀಗ ಹಾಕಿದ್ದೇನೆ. ಪಾಸ್‌ವರ್ಡ್ ಕಾಗದದಲ್ಲಿ ಬರೆದು ಎರಡೂ ಮನೆಯ ಬೀರುವಿನಲ್ಲಿ ಇಡಿಸಿದ್ದೇನೆ. ನನ್ನೊಬ್ಬನ ತಲೆಯಲ್ಲಿ ಇದ್ದರೆ ನಾಳೆ ನನಗೇನಾದರೂ ಆದರೆ ಅವರ ಗತಿ?

ಕೆಲಸ ಒಪ್ಪಿಸುವ ರೀತಿಯನ್ನೂ ಬದಲಾಯಿಸಿದ್ದೇನೆ. ಮೊದಲು ಹಸಿರು ದೀಪ ತೋರಿಸಿ ದುಡ್ಡು ತೆಗೆದುಕೊಂಡು ಬರುತ್ತಿದ್ದೆ. ಈಗ ಯಾವ ಮನೆಯಲ್ಲೇ ಆಗಲಿ, ಅವರು ಹೇಳಿದ ಒಂದು ಫೈಲನ್ನು ಅವರ ಎದುರೇ ಅಳಿಸಿ, ಡ್ರೈವ್‌ನಿಂದ ವಾಪಸ್ ತಂದು ತೋರಿಸಿದ ಮೇಲೇ ಬಿಲ್ ಬರೆಯುತ್ತೇನೆ. ವರ್ಷಕ್ಕೆ ಎರಡು ಸಲ ಹೋಗಿ ಮತ್ತೆ ಮಾಡುತ್ತೇನೆ. ಒಂದು ಮನೆಯಲ್ಲಿ ವಾರಗಟ್ಟಲೆ ಬ್ಯಾಕಪ್ ನಿಂತೇ ಹೋಗಿದ್ದು ಹೀಗೆ ನೋಡುವಾಗಲೇ ಗೊತ್ತಾಯಿತು. ಗುಡಿಸುವಾಗ ಯುಎಸ್‌ಬಿ ತಂತಿ ಸಡಿಲವಾಗಿತ್ತು.

ಹೋದ ಸಲ ಆಲ್ದೂರಿಗೆ ಹೋದಾಗ, "ಯಾವುದಾದ್ರೂ ಒಂದು ಹೇಳಿ ಅಮ್ಮ, ಅಳಿಸಿ ವಾಪಸ್ ತರ್ತೀನಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವನವರ ಆ ಮೂರು ತುಂಡು ಬಿಟ್ಟು ಬೇರೆ ಯಾವುದಾದ್ರೂ ಅಳಿಸಿ" ಎಂದರು. ಹುಡುಗ ಪಕ್ಕದಲ್ಲೇ ಕೂತು ಚೆಕ್‌ರೋಲ್ ಫೈಲ್ ತೋರಿಸಿದ. ಅಳಿಸಿದೆ. ವಾಪಸ್ ತರುವುದನ್ನು ಈ ಸಲ ಅವನೇ ಮಾಡಿದ.